ಚಾರಿತ್ರಿಕ ಕಾದಂಬರಿಗಳು ಮತ್ತು ನಮ್ಮ ಕುಟುಂಬಗಳು

ಮಳೆಗಾಲ ಹಿಡಿದರೆ ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳಲ್ಲಿ ಸಂಜೆಗಳು ಬಹಳ ಉದ್ದ. ವಿದ್ಯುತ್ತು ಯಾವಾಗ ಹೋಗುವುದೋ, ಯಾವಾಗ ಬರುವುದೋ ಹೇಳಲಾಗದು. ಜಪಸರ ಮುಗಿದು ಊಟಕ್ಕೆ ಕೂರುವವರೆಗಿನ ಹೊತ್ತನ್ನು ಮಕ್ಕಳು ಮೊಬೈಲ್ ಫೋನಿನಲ್ಲಿ ಚಾರ್ಜು ಉಳಿದಿರುವ ತನಕ ಅದರೊಂದಿಗೇ ಕಳೆಯುತ್ತಾರೆ. ಈ ಹೊತ್ತಿಗೆ ಕೆಲವು ಚಾರಿತ್ರಿಕ ಕಾದಂಬರಿಗಳನ್ನು ನಮ್ಮ ಕುಟುಂಬಗಳ ಮುಂದಿಡಲು ಬಯಸುತ್ತೇವೆ. ಹದಿಹರೆಯದವರಿಗೂ ಹಿರಿಯರಿಗೂ ಒಟ್ಟಿಗೇ ಸಲ್ಲುವ ಓದು ಇದು.

ಈ ಮೂರು ತಾಲ್ಲೂಕುಗಳ ಕಥೋಲಿಕರಲ್ಲಿ ಬಹುಪಾಲು ಜನರ ಹಿರಿಯರು ಎಲ್ಲಿಂದಲೋ ಬಂದವರು. ಕೆಲವರು ಮಂಗಳೂರಿನ ಕಡೆಯಿಂದ ಕೊಂಕಣಿ ಮಾತನಾಡುತ್ತಾ ಘಟ್ಟ ಹತ್ತಿದರು, ಕೆಲವರು ಕೇರಳದಿಂದ ಮಲಯಾಳದೊಂದಿಗೆ ಬಂದು ಇಲ್ಲಿಯ ಕಾಡಂಚಿನಲ್ಲಿ ನೆಲೆಯೂರಿದರು. ಯಾಕೆ ಬಂದರು, ಬರುವ ಮೊದಲು ಈ ನೆಲ ಯಾರದಾಗಿತ್ತು ಎಂದು ಕೇಳಿದರೆ ಇಂಗ್ಲಿಷ್ ಮಾಧ್ಯಮದಲ್ಲಿ ಓದುವ ನಮ್ಮ ಮಕ್ಕಳು ಮುಖ ಮುಖ ನೋಡುತ್ತಾರೆ. ಹೇಳಬಲ್ಲ ಹಿರಿಯರು ವರ್ಷಕ್ಕೊಬ್ಬಿಬ್ಬರಂತೆ ನಮ್ಮನ್ನು ಅಗಲುತ್ತಿದ್ದಾರೆ.

ಒಂದು ಉದಾಹರಣೆಯನ್ನು ನೋಡೋಣ. 1784ರಲ್ಲಿ ಟಿಪ್ಪು ಸುಲ್ತಾನನು ಕೆನರಾದ ಕಥೋಲಿಕರನ್ನು ಸೆರೆಹಿಡಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಿದನು. ಉಳಿದವರು ಬಿಡುಗಡೆ ಕಂಡದ್ದು 1799ರಲ್ಲಿ ಆತನು ಮಡಿದ ಬಳಿಕ. ಕೊಂಕಣಿ ಮನೆಗಳ ಅಜ್ಜಿಯರು ಇದನ್ನು ತಮ್ಮ ಕಣ್ಣೆದುರು ನಡೆದಂತೆ ಹೇಳುತ್ತಿದ್ದರು. ಅದೇ ಟಿಪ್ಪು, 1791ರಲ್ಲಿ ಮರಾಠಾ ದಂಡು ಶೃಂಗೇರಿಯನ್ನು ಕೊಳ್ಳೆಹೊಡೆದಾಗ ಮಠಕ್ಕೆ ನೆರವಿತ್ತು, ಅಲ್ಲಿಯ ಸ್ವಾಮಿಗಳಿಗೆ ಗೌರವದಿಂದ ಪತ್ರಗಳನ್ನು ಬರೆಸಿದನು. ಕನ್ನಡದ ಆ ಪತ್ರಗಳನ್ನು 1916ರಲ್ಲಿ ಮೈಸೂರಿನ ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್ಯರು ಬೆಳಕಿಗೆ ತಂದರು. ಅರಸನೊಬ್ಬನೇ, ತುಂಗೆಯ ದಡದ ನೆನಪು ಒಂದು, ನಮ್ಮ ಜಗುಲಿಯ ನೆನಪು ಇನ್ನೊಂದು. ಎರಡೂ ನಿಜ. ಎರಡನ್ನೂ ಒಂದೇ ಮನಸ್ಸಿನಲ್ಲಿ ಹೊರುವ ಶಕ್ತಿಯನ್ನು ವೇದಿಕೆಯ ಭಾಷಣಗಳು ಕೊಡಲಾರವು. ಒಳ್ಳೆಯ ಕಾದಂಬರಿ ಕೊಡಬಲ್ಲದು ಎಂಬುದು ನಮ್ಮ ನಂಬಿಕೆ.

ಸೆರೆವಾಸದ ಕುರಿತು 'ಖಡಾಪ್' ಕಾವ್ಯನಾಮದ ವಿ.ಜೆ.ಪಿ. ಸಲ್ಡಾನ್ಹಾ ಅವರು ಕೊಂಕಣಿಯಲ್ಲಿ ಬರೆದ 'ಬೆಳ್ತಂಗಡಿಚೊ ಬಾಲ್ತಜಾರ್', 'ಸರ್ದಾರಾಂಚಿ ಸಿನೊಲ್' ಮುಂತಾದ ಕಾದಂಬರಿಗಳಿವೆ. ಮಂಗಳೂರು ಕೊಂಕಣಿಗೆ ಕನ್ನಡ ಲಿಪಿಯೇ ಆದುದರಿಂದ ನಮ್ಮ ಮಕ್ಕಳು ತಡವರಿಸುತ್ತಲಾದರೂ ಓದಬಲ್ಲರು. ಮನೆಯಲ್ಲಿ ಹಿರಿಯರಿದ್ದರೆ ಅವರಿಂದಲೇ ಗಟ್ಟಿಯಾಗಿ ಓದಿಸಬಹುದು. ಆದರೆ ಇವನ್ನಷ್ಟೇ ಓದಿ ನಿಲ್ಲಿಸುವುದು ಸಲ್ಲದು. ನೋವುಂಡವರು ನಾವು ಮಾತ್ರ ಎಂಬ ಭಾವನೆ ಎಳೆಯ ಮನಸ್ಸಿನಲ್ಲಿ ಬಲುಬೇಗ ಬೇರೂರುತ್ತದೆ.

ಆದುದರಿಂದ ಜೊತೆಗೇ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರ 'ಚನ್ನಬಸವನಾಯಕ'ವನ್ನು ಕೈಗೆತ್ತಿಕೊಳ್ಳಬೇಕು. ರಾಣಿ ವೀರಮ್ಮಾಜಿಯ ಕಾಲದ ಬಿದನೂರಿನ ಒಳಜಗಳಗಳನ್ನೂ, 1763ರಲ್ಲಿ ಆ ರಾಜಧಾನಿ ಹೈದರಾಲಿಯ ವಶವಾದುದನ್ನೂ ಕುರಿತ ಕಥೆ ಅದು. ನಮಗೂ ಅದಕ್ಕೂ ಏನು ಸಂಬಂಧವೆಂದು ಕೇಳುವವರಿದ್ದಾರೆ. ಗೋವೆಯಿಂದ ತೆಂಕಣಕ್ಕೆ ಬಂದ ಕಥೋಲಿಕ ಬೇಸಾಯಗಾರರಿಗೆ ಕರಾವಳಿಯಲ್ಲಿ ನೆಲ ಕೊಟ್ಟು ಇರಗೊಟ್ಟವರು ಇದೇ ಕೆಳದಿ-ಬಿದನೂರಿನ ಅರಸರು. ಇಂದು ನಾವು ವಾಸಿಸುವ ಮಲೆನಾಡೂ ಅವರ ಆಳ್ವಿಕೆಗೆ ಸೇರಿತ್ತು. ಘಟ್ಟದ ಕೆಳಗೂ ಮೇಲೂ ನಾವು ಒಂದೇ ಮನೆತನದ ನೆಲದಲ್ಲಿ ನೆಲೆ ಕಂಡವರು. ಆ ಮನೆತನ ಹೇಗೆ ಕುಸಿಯಿತೆಂಬುದು ನಮ್ಮ ಮಕ್ಕಳಿಗೂ ತಿಳಿದಿರಲಿ. ಮಾಸ್ತಿಯವರ ಕಥನ ನಿಧಾನದ್ದು. ಮೊದಲ ಐವತ್ತು ಪುಟಗಳಿಗೆ ತಾಳ್ಮೆ ಬೇಕು.

ಇನ್ನು ಕುವೆಂಪು. ಅವರು 1904ರಲ್ಲಿ ಜನಿಸಿದ ತಾಯಿಯ ತವರು ಹಿರೇಕೊಡಿಗೆ ಕೊಪ್ಪ ತಾಲ್ಲೂಕಿನದು. ಹತ್ತೊಂಬತ್ತನೆಯ ಶತಮಾನದ ಕೊನೆಯ ಮಲೆನಾಡನ್ನು ಚಿತ್ರಿಸುವ 'ಮಲೆಗಳಲ್ಲಿ ಮದುಮಗಳು' 1967ರಲ್ಲಿ ಪ್ರಕಟವಾಯಿತು. ಅದರಲ್ಲಿ ಜೀವರತ್ನಯ್ಯನೆಂಬ ಪಾದ್ರಿ ಬರುತ್ತಾನೆ, ಮತಾಂತರದ ಪ್ರಸ್ತಾಪ ಬರುತ್ತದೆ. ಆ ಕಾರಣಕ್ಕೇ ನಮ್ಮ ಕೆಲವು ಮನೆಗಳಲ್ಲಿ ಆ ಗ್ರಂಥವನ್ನು ದೂರವಿಟ್ಟಿದ್ದಾರೆ. (ಆ ಪಾದ್ರಿ ಸಂಸಾರವಂದಿಗ, ನಮ್ಮ ಧರ್ಮಸಭೆಯವನಲ್ಲ, ಆದರೆ ಆ ಸಮಾಧಾನದ ಹಿಂದೆ ಅಡಗಿಕೊಳ್ಳುವುದು ಬೇಡ.) ಶಿಲುಬೆ ಹಿಡಿದು ಬಂದವರು ಇಲ್ಲಿಯ ಗೌಡರ ಜಗುಲಿಯಿಂದಲೂ ದುಡಿಯುವವರ ಬಿಡಾರದಿಂದಲೂ ಹೇಗೆ ಕಂಡರೆಂಬುದನ್ನು ಅಷ್ಟು ಸ್ಪಷ್ಟವಾಗಿ ತೋರಿಸುವ ಇನ್ನೊಂದು ಕನ್ನಡ ಕಾದಂಬರಿ ನಮಗೆ ತೋರದು. ನೆರೆಯವರ ಕಣ್ಣಿನಲ್ಲಿ ನಮ್ಮ ಬಿಂಬವನ್ನು ನೋಡಿಕೊಳ್ಳಲು ಅಂಜಿಕೆಯೇಕೆ? ಗಂಡು-ಹೆಣ್ಣಿನ ಸಂಬಂಧಗಳನ್ನು ಕುವೆಂಪು ಮುಚ್ಚುಮರೆಯಿಲ್ಲದೆ ಬರೆದಿರುವುದರಿಂದ ಇಡೀ ಗ್ರಂಥ ಹದಿನೆಂಟು ತುಂಬಿದವರಿಗೆ ಇರಲಿ. ಕಿರಿಯರಿಗೆ, ಪಾದ್ರಿಯ ಬೈಸಿಕಲ್ಲನ್ನು ಕಂಡು ಊರಿಗೆ ಊರೇ ಬೆರಗಾಗುವ ಪ್ರಸಂಗವನ್ನು ಓದಿ ಹೇಳಿದರೆ ಮನೆಯಿಡೀ ನಗುತ್ತದೆ.

ಇದಕ್ಕಿಂತ ಕಠಿಣವಾದದ್ದು ಗೋಪಾಲಕೃಷ್ಣ ಪೈ ಅವರ 'ಸ್ವಪ್ನ ಸಾರಸ್ವತ'. 2009ರಲ್ಲಿ ಹೊರಬಂದು 2011ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಕೃತಿ ಇದು. ಪೋರ್ಚುಗೀಸರ ಮತಾಂತರದ ಒತ್ತಾಯಕ್ಕೆ ಮನೆ-ದೇವರುಗಳನ್ನು ಬಿಟ್ಟು ತೆಂಕಣಕ್ಕೆ ಬಂದ ಸಾರಸ್ವತರ ತಲೆಮಾರುಗಳ ಕಥೆ. ಇಲ್ಲಿ ಹಿಂಸಿಸಿದವರು ನಮ್ಮ ಧರ್ಮದ ಹೆಸರು ಹೇಳಿದವರು. ಎರಡನೆಯ ಜಾನ್ ಪೌಲರು 2000ನೇ ಇಸವಿಯ ಮಾರ್ಚ್ 12ರಂದು ರೋಮಿನಲ್ಲಿ, ಸತ್ಯದ ಹೆಸರಿನಲ್ಲಿ ಧರ್ಮಸಭೆಯ ಮಕ್ಕಳು ಮಾಡಿದ ಹಿಂಸೆಗಾಗಿ ದೇವರ ಕ್ಷಮೆ ಬೇಡಿದರು. ಆ ಪ್ರಾರ್ಥನೆಯ ಅರ್ಥ ತಿಳಿಯಬೇಕಾದರೆ ಇಂಥ ಪುಸ್ತಕವನ್ನು ಓದಲೇಬೇಕು. ಗೋವಾದ ಧರ್ಮವಿಚಾರಣೆಗೆ ಹೆದರಿ ಊರು ಬಿಟ್ಟವರಲ್ಲಿ ಕಥೋಲಿಕರೂ ಇದ್ದರು, ಅದೇ ದಾರಿಯಲ್ಲಿಯೇ ಬಂದರು ಎಂಬುದನ್ನು ಓದುವಾಗ ಮಕ್ಕಳಿಗೆ ನೆನಪಿಸಬಹುದು.

ಕೇರಳ ಮೂಲದ ಮನೆಗಳಲ್ಲಿ ಮಲಯಾಳ ಓದಬಲ್ಲ ಅಜ್ಜ ಅಜ್ಜಿಯರಿದ್ದರೆ ಎಸ್.ಕೆ. ಪೊಟ್ಟೆಕ್ಕಾಟರ 'ವಿಷಕನ್ಯಕ'ವನ್ನು (1948) ಹುಡುಕಿ ತರಿಸಿರಿ. ತಿರುವಾಂಕೂರಿನ ಕ್ರೈಸ್ತ ರೈತರು ವಯನಾಡಿನ ಕಾಡು ಕಡಿದು, ಜ್ವರಕ್ಕೆ ತುತ್ತಾದ ಕಥೆ ಅದು. ಮಲೇರಿಯಾದ ಕಾಲದ ನಮ್ಮ ಮಲೆನಾಡಿನ ಮಾತುಗಳೂ ಅದರಿಂದಲೇ ಹೊರಬಂದಾವು.

ಯುದ್ಧ, ಕೋಟೆ ಬೇಡುವ ಹುಡುಗರಿಗೆ ತ.ರಾ.ಸು. ಅವರ 'ದುರ್ಗಾಸ್ತಮಾನ'ವನ್ನು ಕೊಟ್ಟರೆ ಸಾಕು, ಊಟಕ್ಕೆ ಕರೆದರೂ ಏಳಲಾರರು. ಕೊಡಗಿನ ಕೊನೆಯ ಅರಸನ ಕುರಿತ ಮಾಸ್ತಿಯವರ 'ಚಿಕವೀರ ರಾಜೇಂದ್ರ' ದೊಡ್ಡವರದು. ಹನ್ನೆರಡು ಹದಿಮೂರರ ಮಕ್ಕಳಿಗೆ ನಮ್ಮವರೇ ಆದ ದಿವಂಗತ ನಾ. ಡಿ'ಸೋಜಾ ಅವರ 'ಮುಳುಗಡೆಯ ಊರಿಗೆ ಬಂದವರು' ಇರಲಿ. ಕಟ್ಟುನಿಟ್ಟಾಗಿ ಅದು ಚಾರಿತ್ರಿಕವಲ್ಲ, ಶರಾವತಿಯ ಕಡೆಯದು. ಆದರೂ ಭದ್ರಾ ಹಿನ್ನೀರನ್ನು ದಿನವೂ ನೋಡುವ ನರಸಿಂಹರಾಜಪುರದ ಮಕ್ಕಳಿಗೆ ಆ ನೀರಿನ ಕೆಳಗೂ ಊರುಗಳಿದ್ದವೆಂದು ಹೊಳೆದೀತು.

ಕಾದಂಬರಿ ಚರಿತ್ರೆಯಲ್ಲ ಎಂದು ಎಚ್ಚರಿಸುವವರಿದ್ದಾರೆ, ಅದು ಯುಕ್ತವೇ. ಇಸವಿಗಳು ಲೇಖಕರ ಕೈಯಲ್ಲಿ ಸ್ವಲ್ಪ ಸರಿದಾಡುತ್ತವೆ, ಇಲ್ಲದ ಪಾತ್ರಗಳು ಹುಟ್ಟುತ್ತವೆ. ಯಾವುದು ನಡೆದದ್ದು, ಯಾವುದು ಕಲ್ಪಿಸಿದ್ದು ಎಂದು ಮಗ ಕೇಳಿದರೆ ತಂದೆಯೂ ಅವನೊಡನೆ ಕುಳಿತು ಹುಡುಕಲಿ. ಇವುಗಳಲ್ಲಿ ಕೆಲವನ್ನು ತಾಲ್ಲೂಕು ಗ್ರಂಥಾಲಯದಲ್ಲಿ ಕೇಳಿ ನೋಡಬಹುದು. ಧರ್ಮಕೇಂದ್ರದ ಸಭಾಂಗಣದಲ್ಲಿ ಒಂದು ಕಪಾಟನ್ನು ಇದಕ್ಕೆ ಮೀಸಲಿಟ್ಟು, ಮೊದಲು 'ಚನ್ನಬಸವನಾಯಕ'ದ ಎರಡು ಪ್ರತಿಗಳನ್ನು ತರಿಸಬೇಕೆಂದು ಪಾಲನಾ ಮಂಡಳಿಗಳನ್ನು ಕೋರುತ್ತೇವೆ. ಮಲೆನಾಡಿನ ತೇವಕ್ಕೆ ಪುಸ್ತಕ ಬೂಷ್ಟು ಹಿಡಿಯುವುದು ಬೇಗ. ಕಪಾಟು ಗೋಡೆಗೆ ಒತ್ತಿರದಂತೆ ನೋಡಿಕೊಳ್ಳಬೇಕು.