ರಾತ್ರಿ ರೈಲಿನ ಬರ್ತು: ಸಣ್ಣ ವ್ಯಾಪಾರಿಯ ವಸತಿಗೃಹ

ರೋಣ, ನರಗುಂದ, ಗಜೇಂದ್ರಗಡ – ಈ ಮೂರೂ ತಾಲ್ಲೂಕು ಕೇಂದ್ರಗಳಲ್ಲಿ ರೈಲು ನಿಲ್ದಾಣವಿಲ್ಲ. ಭೀಕರ ಬರಗಾಲದ ಅನುಭವದ ನಂತರ ಸದರ್ನ್ ಮರಾಠಾ ರೈಲ್ವೆ ಕಂಪನಿಯು ಹೋಟಗಿ–ಗದಗ ಮಾರ್ಗವನ್ನು ನಿರ್ಮಿಸಿ 1884ರಲ್ಲಿಯೇ ಸಂಚಾರಕ್ಕೆ ತೆರೆಯಿತು. ಆ ಹಳಿಯು ರೋಣ ತಾಲ್ಲೂಕಿನ ಮಲ್ಲಾಪುರ, ಹೊಳೆಆಲೂರುಗಳ ಮೂಲಕ ಹಾದುಹೋಯಿತೇ ಹೊರತು ಪೇಟೆಯ ಬಾಗಿಲಿಗೆ ಬರಲಿಲ್ಲ. ದೂರದ ಎಕ್ಸ್‌ಪ್ರೆಸ್ ಗಾಡಿಗಳೆಲ್ಲವೂ ಆ ಸಣ್ಣ ನಿಲ್ದಾಣಗಳಲ್ಲಿ ನಿಲ್ಲುವುದೂ ಇಲ್ಲ. ಗದಗ–ವಾಡಿ ಯೋಜನೆಯ ತಳಕಲ್–ಕುಷ್ಟಗಿ ಭಾಗವು 2025ರ ಮೇ ತಿಂಗಳಿನಲ್ಲಿ ಉದ್ಘಾಟನೆಗೊಂಡು ಹುಬ್ಬಳ್ಳಿ–ಕುಷ್ಟಗಿ ರೈಲು ಆರಂಭವಾದದ್ದು ಗಜೇಂದ್ರಗಡದವರಿಗೆ ಸಂತೋಷದ ಸಂಗತಿಯೇ. ಆದರೂ ಮುಂಬಯಿ, ಸೊಲ್ಲಾಪುರ, ಬೆಂಗಳೂರುಗಳಿಗೆ ಹೋಗಬೇಕಾದ ವರ್ತಕನು ಮೊದಲು ಬಸ್ಸು ಹತ್ತಿ ಗದಗವನ್ನೋ ಹುಬ್ಬಳ್ಳಿಯನ್ನೋ ಸೇರಬೇಕಾದ ಸ್ಥಿತಿ ಇನ್ನೂ ತಪ್ಪಿಲ್ಲ.

ರೈಲಿನ ವಿಷಯ ಬಂದಾಗಲೆಲ್ಲ ವಾಣಿಜ್ಯ ವಲಯದಿಂದ ಹೊರಡುವ ಬೇಡಿಕೆಗಳು ಬಹುಪಾಲು ಒಂದೇ ಬಗೆಯವು: ಹೊಸ ಗಾಡಿ ಬೇಕು, ಹೊಸ ಮಾರ್ಗ ಬೇಕು, ನಮ್ಮಲ್ಲಿಯೂ ವಂದೇ ಭಾರತ್ ಓಡಬೇಕು. ಇವು ತಪ್ಪಲ್ಲ. ಆದರೆ ಈಗಾಗಲೇ ಓಡುತ್ತಿರುವ ಗಾಡಿಯ ಡಬ್ಬಿಯೊಳಗೆ ನಮ್ಮ ವ್ಯಾಪಾರಿಯು ಹನ್ನೆರಡು ಹದಿನಾಲ್ಕು ತಾಸುಗಳನ್ನು ಹೇಗೆ ಕಳೆಯುತ್ತಾನೆ ಎಂಬುದರ ಕಡೆಗೆ ಯಾರ ಗಮನವೂ ಹರಿದಂತಿಲ್ಲ. ಮಲಗಲು ಹಾಸಿಗೆ, ಕುಡಿಯಲು ಬಿಸಿನೀರು, ಫೋನಿಗೆ ವಿದ್ಯುತ್ತು, ಮಾತಿಗೆ ನೆಟ್‌ವರ್ಕ್ – ಇವನ್ನು ಸುಖದ ವಸ್ತುಗಳೆಂದು ಪರಿಗಣಿಸುವ ಅಭ್ಯಾಸವೇ ಇದಕ್ಕೆ ಕಾರಣ. ಲೆಕ್ಕದ ಪುಸ್ತಕವನ್ನು ತೆರೆದು ನೋಡಿದರೆ ಇವು ವ್ಯಾಪಾರದ ವೆಚ್ಚದ ಭಾಗಗಳೇ ಎಂಬುದು ತಿಳಿಯುತ್ತದೆ.

ಗಜೇಂದ್ರಗಡದ ಒಬ್ಬ ಸೀರೆ ಉತ್ಪಾದಕನು ಮುಂಬಯಿಗೆ ಹೋಗಿ ಬರುವ ಕ್ರಮವನ್ನೇ ನೋಡೋಣ. ಸೊಲ್ಲಾಪುರದ ಮೂಲಕ ಮುಂಬಯಿಗೆ ಹೋಗುವ ಹೊಸಪೇಟೆ–ಮುಂಬಯಿ ಗಾಡಿಯನ್ನು ಗದಗಿನಲ್ಲಿ ಹತ್ತುತ್ತಾನೆ. ರಾತ್ರಿ ಗಾಡಿಯಲ್ಲಿ ಕಳೆಯುತ್ತದೆ. ಹಗಲೆಲ್ಲ ಪೇಟೆಯಲ್ಲಿ ಅಡ್ಡಾಡಿ, ಹಳೆಯ ಬಾಕಿ ವಸೂಲು ಮಾಡಿ, ಹೊಸ ಆರ್ಡರು ಹಿಡಿದು ಅದೇ ರಾತ್ರಿ ಮರಳಿ ಗಾಡಿ ಹತ್ತುತ್ತಾನೆ. ಎರಡು ರಾತ್ರಿ ಗಾಡಿಯಲ್ಲಿ, ಒಂದು ಹಗಲು ಪೇಟೆಯಲ್ಲಿ. ಲಾಡ್ಜಿನ ಖರ್ಚಿಲ್ಲ. ಸಣ್ಣ ವ್ಯಾಪಾರಿಗೆ ರಾತ್ರಿ ರೈಲೇ ವಸತಿಗೃಹ. ಆ ಬರ್ತಿನ ಮೇಲೆ ನಿದ್ದೆ ಬಾರದಿದ್ದರೆ ಮರುದಿನದ ಚೌಕಾಶಿಯಲ್ಲಿ ಸೋಲುವವನು ಅವನೇ.

ಲಾಡ್ಜಿನ ಮಾತು ಬಂದುದರಿಂದ ತೆರಿಗೆಯ ಒಂದು ಅಂಶವನ್ನು ಇಲ್ಲಿಯೇ ಹೇಳಬೇಕು. ಕರ್ನಾಟಕದಲ್ಲಿ ಮಾತ್ರ ನೋಂದಣಿ ಇರುವ ವರ್ತಕನು ಮುಂಬಯಿಯ ಹೋಟೆಲಿನಲ್ಲಿ ತಂಗಿದರೆ, ಸೇವೆ ದೊರೆತ ಸ್ಥಳ ಮಹಾರಾಷ್ಟ್ರವೆಂದಾಗಿ ಅಲ್ಲಿಯ ರಾಜ್ಯ ಜಿಎಸ್‌ಟಿಯೇ ಬೀಳುತ್ತದೆ. ಆ ತೆರಿಗೆಯ ಹೂಡುವಳಿ ಜಮೆ ಇಲ್ಲಿ ದೊರೆಯುವುದಿಲ್ಲ. 2025ರ ಸೆಪ್ಟೆಂಬರ್ 22ರ ನಂತರ ದಿನಕ್ಕೆ 7,500 ರೂಪಾಯಿಯವರೆಗಿನ ಕೊಠಡಿಗಳಿಗೆ ದರ ಶೇ. 5ಕ್ಕೆ ಇಳಿದಿದ್ದರೂ ಲೆಕ್ಕದಲ್ಲಿ ಅದು ಪೂರ್ತಿ ವೆಚ್ಚವೇ. ರೈಲಿನ ಟಿಕೆಟ್ಟಿನ ಕಥೆ ಬೇರೆ. ಹವಾನಿಯಂತ್ರಿತ ದರ್ಜೆಗಳ ಹಾಗೂ ಪ್ರಥಮ ದರ್ಜೆಯ ಪ್ರಯಾಣ ದರದ ಮೇಲೆ ಶೇ. 5ರಷ್ಟು ಜಿಎಸ್‌ಟಿ ಇದೆ. ಕಾಯ್ದಿರಿಸುವಾಗಲೇ ಜಿಎಸ್‌ಟಿ ಸಂಖ್ಯೆಯನ್ನು ನಮೂದಿಸಿದರೆ ಸೇವೆಯ ಸ್ಥಳವು ಆ ನೋಂದಾಯಿತ ವರ್ತಕನ ಊರಿನದೇ ಆಗುತ್ತದೆ. ಮುಂಬಯಿಯಿಂದ ಮರಳುವ ಟಿಕೆಟ್ಟಿಗೂ ಇದೇ ನಿಯಮ. ವ್ಯವಹಾರಕ್ಕಾಗಿ ಮಾಡಿದ ಪ್ರಯಾಣವಾದರೆ ಜಮೆ ಪಡೆಯಲು ಅಡ್ಡಿಯಿಲ್ಲ. ರಾಜಿ ತೆರಿಗೆ ಪದ್ಧತಿಯಲ್ಲಿರುವವರಿಗೆ ಮಾತ್ರ ಈ ಸೌಲಭ್ಯವಿಲ್ಲ. ಮೂಲ ದರ 1,500 ರೂಪಾಯಿ ಎಂದಿಟ್ಟುಕೊಂಡರೆ ಉಳಿಯುವುದು 75 ರೂಪಾಯಿ; ಅಲ್ಪ ಮೊತ್ತವೇ ಸರಿ. ಆದರೆ ತಿಂಗಳಿಗೆರಡು ಬಾರಿ ಹೋಗಿ ಬರುವವನಿಗೆ ವರ್ಷದ ಕೊನೆಯಲ್ಲಿ ಅದು ಎರಡು ಪ್ರಯಾಣಗಳ ಹಣವಾಗುತ್ತದೆ. ಏಜೆಂಟನ ಕೈಗೆ ಹಣ ಕೊಟ್ಟು ಟಿಕೆಟ್ ತರಿಸುವವರ ಜಿಎಸ್‌ಟಿ ಸಂಖ್ಯೆ ಬಹುತೇಕ ಸಂದರ್ಭಗಳಲ್ಲಿ ನಮೂದಾಗಿಯೇ ಇರುವುದಿಲ್ಲ.

ಸ್ಲೀಪರ್ ದರ್ಜೆಗೆ ಜಿಎಸ್‌ಟಿ ಇಲ್ಲ. ಆದರೆ ನಮ್ಮ ಗಾಡಿಗಳ ಸ್ಲೀಪರಿನಲ್ಲಿ ಹಾಸಿಗೆಯೂ ಇಲ್ಲ. ಕೋವಿಡ್ ಕಾಲದಲ್ಲಿ ನಿಂತುಹೋಗಿದ್ದ ಚಾದರ, ಹೊದಿಕೆಗಳ ಸೌಲಭ್ಯವು 2022ರ ಮಾರ್ಚ್‌ನಲ್ಲಿ ಮರಳಿ ಬಂದದ್ದು ಹವಾನಿಯಂತ್ರಿತ ಡಬ್ಬಿಗಳಿಗೆ. ನಮ್ಮ ಸಣ್ಣ ವ್ಯಾಪಾರಿಗಳಲ್ಲಿ ಹೆಚ್ಚಿನವರು ಪ್ರಯಾಣಿಸುವುದು ಸ್ಲೀಪರಿನಲ್ಲಿಯೇ. ಮಾಗಿಯ ಚಳಿಯಲ್ಲಿ ಕಿಟಕಿಯ ಸಂದಿಯಿಂದ ಗಾಳಿ ನುಗ್ಗುವಾಗ ಮನೆಯಿಂದ ತಂದ ಕೌದಿಯೇ ಗತಿ. ಬಾಡಿಗೆ ಪಡೆದಾದರೂ ಶುಚಿಯಾದ ಹಾಸಿಗೆಯೊಂದನ್ನು ಒದಗಿಸಿದರೆ ಕೊಳ್ಳುವವರಿಗೆ ಕೊರತೆಯಾಗದು.

ಈ ವಿಷಯದಲ್ಲಿ ರಷ್ಯಾದ ರೈಲುಗಳ ಉದಾಹರಣೆಯು ಉಪಯುಕ್ತವಾಗಿದೆ. ಮಾಸ್ಕೋದಿಂದ ವ್ಲಾಡಿವೊಸ್ಟಾಕ್‌ವರೆಗಿನ ಸುಮಾರು 9,289 ಕಿ.ಮೀ. ಮಾರ್ಗವನ್ನು ಕ್ರಮಿಸಲು ಹೆಚ್ಚು ಕಡಿಮೆ ಒಂದು ವಾರ ಹಿಡಿಯುತ್ತದೆ. ಅಲ್ಲಿಯ ಅಗ್ಗದ ಮಲಗುವ ದರ್ಜೆಗೆ ಪ್ಲಾಟ್ಸ್‌ಕಾರ್ಟ್ ಎಂದು ಹೆಸರು. ನಮ್ಮ ಸ್ಲೀಪರಿನಂತೆಯೇ ಬಾಗಿಲುಗಳಿಲ್ಲದ ತೆರೆದ ಡಬ್ಬಿ, ಅದರಲ್ಲಿ 54 ಬರ್ತುಗಳು. ವೈಭವವೇನೂ ಇಲ್ಲ. ಆದರೆ ಪ್ರತಿ ಡಬ್ಬಿಗೂ ತನ್ನದೇ ಆದ ಮೇಲ್ವಿಚಾರಕರು ಇರುತ್ತಾರೆ. ಪ್ರೊವೊದ್ನಿಕ್ ಎಂದು ಕರೆಯಲ್ಪಡುವ ಇವರಲ್ಲಿ ಬಹುಮಂದಿ ಮಹಿಳೆಯರು. ಟಿಕೆಟ್ ಪರೀಕ್ಷಿಸುವುದು, ಮುಚ್ಚಿದ ಪೊಟ್ಟಣದಲ್ಲಿ ಚಾದರ ಟವೆಲುಗಳನ್ನು ಕೊಡುವುದು, ಶೌಚಾಲಯವನ್ನು ಶುಚಿಯಾಗಿಡುವುದು, ಇಳಿಯುವ ಊರು ಸಮೀಪಿಸಿದಾಗ ಎಬ್ಬಿಸುವುದು – ಎಲ್ಲವೂ ಅವರ ಹೊಣೆ. ಡಬ್ಬಿಯ ತುದಿಯಲ್ಲಿ ಹಗಲಿರುಳೂ ಕುದಿಯುವ ನೀರಿನ ಸಮೋವಾರ್ ಇರುತ್ತದೆ. ಬಡ ಪ್ರಯಾಣಿಕನೂ ತನ್ನ ಲೋಟದಲ್ಲಿ ಚಹಾ ಸೊಪ್ಪು ಹಾಕಿಕೊಂಡು ಬಿಟ್ಟಿಯಾಗಿ ಬಿಸಿನೀರು ಹಿಡಿಯಬಹುದು. ಸೈಬೀರಿಯದ ಊರುಗಳ ನಡುವೆ ಮೊಬೈಲ್ ಸಂಕೇತ ತಾಸುಗಟ್ಟಲೆ ಸಿಗದಿರುವುದುಂಟು. ಅಲ್ಲಿಯವರು ದೊಡ್ಡ ನಿಲ್ದಾಣ ಬಂದಾಗ ಮಾತು ಮುಗಿಸಿಕೊಳ್ಳುತ್ತಾರೆ. ದೀರ್ಘ ಪ್ರಯಾಣವನ್ನು ಸಹನೀಯಗೊಳಿಸಿರುವುದು ವೇಗವಲ್ಲ, ಒಂದು ಬಿಸಿನೀರಿನ ನಲ್ಲಿ ಮತ್ತು ಒಬ್ಬ ಜವಾಬ್ದಾರ ನೌಕರ.

ನಮ್ಮ ಕಡೆಯ ಪ್ರಯಾಣಿಕನ ಬುತ್ತಿಗೆ ಇದು ಎಷ್ಟು ಹೊಂದುತ್ತದೆಂಬುದನ್ನು ವಿವರಿಸಬೇಕಾಗಿಲ್ಲ. ಕಟಕ ರೊಟ್ಟಿ, ಶೇಂಗಾ ಚಟ್ನಿ, ಅಗಸಿ ಹಿಂಡಿ – ಇವು ನಾಲ್ಕು ದಿನವಾದರೂ ಕೆಡುವುದಿಲ್ಲ. ಬೇಕಾದುದು ಬಿಸಿನೀರು ಮಾತ್ರ, ಅದೇ ಸಿಗದು. 2025ರ ನವೆಂಬರ್‌ನಲ್ಲಿ ಮಹಿಳೆಯೊಬ್ಬರು ರೈಲಿನ ಪ್ಲಗ್ಗಿಗೆ ವಿದ್ಯುತ್ ಕೆಟಲ್ ಜೋಡಿಸಿ ಅಡುಗೆ ಮಾಡಿದ ದೃಶ್ಯ ಎಲ್ಲೆಡೆ ಹರಡಿ, ಅದು ನಿಷಿದ್ಧವೆಂದು ಮಧ್ಯ ರೈಲ್ವೆ ಎಚ್ಚರಿಸಬೇಕಾಯಿತು. ಎಚ್ಚರಿಕೆ ಸರಿಯಾದುದೇ, ಬೆಂಕಿಯ ಅಪಾಯ ಸಣ್ಣದಲ್ಲ. ಆದರೆ ಡಬ್ಬಿಯಲ್ಲಿ ಬಿಸಿನೀರು ದೊರೆಯುವಂತಿದ್ದರೆ ಕೆಟಲ್ ಹೊತ್ತು ತರುವ ಪ್ರಮೇಯ ಎಷ್ಟು ಜನರಿಗೆ ಬರುತ್ತಿತ್ತು ಎಂಬ ಪ್ರಶ್ನೆಯನ್ನು ಯಾರೂ ಎತ್ತಲಿಲ್ಲ.

ಇನ್ನು ಸಂಪರ್ಕದ ವಿಷಯ. ನಿಲ್ದಾಣಗಳಲ್ಲಿ ಉಚಿತ ವೈ-ಫೈ ಸೇವೆಯು 2016ರ ಜನವರಿಯಲ್ಲಿ ಮುಂಬಯಿ ಸೆಂಟ್ರಲ್‌ನಿಂದ ಆರಂಭವಾಗಿ ದೇಶದ ಆರು ಸಾವಿರಕ್ಕೂ ಹೆಚ್ಚು ನಿಲ್ದಾಣಗಳಿಗೆ ವಿಸ್ತರಿಸಿತು. ಓಡುವ ಗಾಡಿಯೊಳಗಿನ ವೈ-ಫೈ ಯೋಜನೆಯಾದರೋ ಹೌರಾ ರಾಜಧಾನಿಯಲ್ಲಿ ಪ್ರಯೋಗ ನಡೆದ ನಂತರ, ವೆಚ್ಚಕ್ಕೆ ತಕ್ಕ ಫಲವಿಲ್ಲವೆಂದು ಕೈಬಿಡಲಾಗಿದೆಯೆಂದು 2021ರ ಆಗಸ್ಟ್‌ನಲ್ಲಿ ಸಂಸತ್ತಿಗೆ ತಿಳಿಸಲಾಯಿತು. ಆದ್ದರಿಂದ ಪ್ರಯಾಣಿಕನಿಗೆ ಸ್ವಂತ ಮೊಬೈಲೇ ಆಧಾರ. ಅದರ ಚಾರ್ಜಿಂಗಿಗೂ ಮಿತಿಯುಂಟು. ಬೆಂಕಿ ಅನಾಹುತಗಳ ಹಿನ್ನೆಲೆಯಲ್ಲಿ 2021ರಲ್ಲಿ ರಾತ್ರಿ 11ರಿಂದ ಬೆಳಗಿನ 5ರವರೆಗೆ ಚಾರ್ಜಿಂಗ್ ಪ್ಲಗ್ಗುಗಳ ವಿದ್ಯುತ್ತನ್ನು ಕಡಿತಗೊಳಿಸಲು ಸೂಚನೆ ಹೊರಟಿತು. ಇಡೀ ದಿನ ಎಪಿಎಂಸಿಯಲ್ಲಿ ಕಡಲೆಯ ಧಾರಣೆ ಕೇಳುತ್ತ ಫೋನು ಬರಿದಾಗಿಸಿಕೊಂಡು ರಾತ್ರಿ ಗಾಡಿ ಹತ್ತಿದವನಿಗೆ ಬೆಳಗಿನವರೆಗೆ ಜಗತ್ತಿನೊಡನೆ ಸಂಬಂಧವಿಲ್ಲ.

ಇದರಿಂದ ಏನು ನಷ್ಟ ಎಂದು ಕೇಳುವವರಿಗೆ ಪ್ರತಿ ತಿಂಗಳ 20ನೆಯ ತಾರೀಖಿನ ರಾತ್ರಿ ಯಾವುದಾದರೂ ಲೆಕ್ಕಪರಿಶೋಧಕರ ಕಚೇರಿಯಲ್ಲಿ ಒಂದು ತಾಸು ಕುಳಿತು ನೋಡಲು ಹೇಳಬೇಕು. ಜಿಎಸ್‌ಟಿಆರ್-3ಬಿ ಸಿದ್ಧವಾಗಿದೆ, ತೆರಿಗೆ ತುಂಬಲಾಗಿದೆ, ಒಟಿಪಿ ಒಂದು ಬರಬೇಕು. ಅದು ಹೋಗುವುದು ಮಾಲೀಕನ ಮೊಬೈಲಿಗೆ. ಮಾಲೀಕನಿರುವುದು ಸೊಲ್ಲಾಪುರದಾಚೆ ಎಲ್ಲಿಯೋ ಕತ್ತಲೆಯಲ್ಲಿ, ಮೇಲಿನ ಬರ್ತಿನ ಮೇಲೆ. ಇ-ಮೇಲಿಗೂ ಒಟಿಪಿ ಬರುತ್ತದೆ, ನಿಜ. ಆದರೆ ಆ ಇ-ಮೇಲೂ ಇರುವುದು ಅದೇ ಫೋನಿನಲ್ಲಿ. ಗಡುವು ಮೀರಿದರೆ ದಿನಕ್ಕೆ 50 ರೂಪಾಯಿ ವಿಳಂಬ ಶುಲ್ಕ. ನಗದಿನಲ್ಲಿ ತುಂಬಬೇಕಾದ ತೆರಿಗೆ ಬಾಕಿ ಉಳಿದಿದ್ದರೆ ವರ್ಷಕ್ಕೆ ಶೇ. 18ರ ಬಡ್ಡಿ ಬೇರೆ. ತ್ರೈಮಾಸಿಕ ವಿವರಪಟ್ಟಿ ಸಲ್ಲಿಸುವ ನಮ್ಮ ರಾಜ್ಯದ ಸಣ್ಣ ವರ್ತಕರಿಗೆ ಗಡುವು 22 ಎಂಬುದಷ್ಟೇ ವ್ಯತ್ಯಾಸ.

ಇಲ್ಲಿ ರೈಲ್ವೆಯನ್ನು ಮಾತ್ರ ದೂಷಿಸುವುದು ನ್ಯಾಯವಲ್ಲ. ನೆಟ್‌ವರ್ಕ್ ಸಿಕ್ಕಾಗ ಫೋನಿನಲ್ಲಿ ಒಟಿಪಿ ಕೂಗಿ ಹೇಳುವುದು, ಅದನ್ನು ಗುಮಾಸ್ತನು ಬರೆದುಕೊಳ್ಳುವುದು – ಈ ಪದ್ಧತಿಯೇ ಸರಿಯಲ್ಲ. ಇಡೀ ಡಬ್ಬಿಗೆ ಕೇಳುವಂತೆ ಆರು ಅಂಕಿಗಳನ್ನು ಹೇಳುವ ರೂಢಿ ಬೆಳೆದವನು ನಾಳೆ ಬ್ಯಾಂಕಿನ ಹೆಸರು ಹೇಳಿದ ಮೋಸಗಾರನಿಗೂ ಹಾಗೆಯೇ ಹೇಳುತ್ತಾನೆ. ಕಂಪನಿಗಳಿಗೆ ಡಿಜಿಟಲ್ ಸಹಿ ಕಡ್ಡಾಯ; ಒಡೆತನದ ಸಂಸ್ಥೆಗಳಿಗೆ ಐಚ್ಛಿಕವಾದರೂ ಪಡೆದುಕೊಳ್ಳಬಹುದು. ಮನೆಯಲ್ಲಿಯೇ ಇರುವ ಪತ್ನಿಯನ್ನೋ ಮಗನನ್ನೋ ನಂಬಿಗಸ್ತ ವ್ಯವಸ್ಥಾಪಕನನ್ನೋ ಎರಡನೆಯ ಅಧಿಕೃತ ಸಹಿದಾರರನ್ನಾಗಿ ಪೋರ್ಟಲಿನಲ್ಲಿ ಸೇರಿಸಿದರೆ ಒಟಿಪಿ ಅವರ ಫೋನಿಗೆ ಬರುತ್ತದೆ. ಮಾಲೀಕನು ಭೋರ್ ಘಾಟಿನ ಸುರಂಗಗಳಲ್ಲಿದ್ದರೂ ಕೆಲಸ ನಿಲ್ಲದು. ಎಲ್ಲಕ್ಕಿಂತ ಮೊದಲು, 20ರ ಕೆಲಸವನ್ನು 20ರ ರಾತ್ರಿಗೆ ಉಳಿಸದಿರುವುದು ಒಳಿತು. ಈ ಮಾತನ್ನು ಎಷ್ಟು ಬಾರಿ ಹೇಳಿದರೂ ಕೇಳುವವರು ಕಡಿಮೆ.

ಸರಕಿನ ಬಗ್ಗೆಯೂ ಒಂದು ಮಾತು. ಗಜೇಂದ್ರಗಡದ ಪಟ್ಟೇದ ಅಂಚಿನ ಸೀರೆಗೆ ಈಗ ದೂರದ ಪಟ್ಟಣಗಳಲ್ಲಿಯೂ ಗಿರಾಕಿಗಳಿದ್ದಾರೆ. ಸ್ಲೀಪರ್ ಹಾಗೂ ಮೂರನೆಯ ಹವಾನಿಯಂತ್ರಿತ ದರ್ಜೆಗಳಲ್ಲಿ 40 ಕೆ.ಜಿ. ಸಾಮಾನು ಉಚಿತವೆಂದು ಸೀರೆಯ ಗಂಟುಗಳನ್ನೇ ಬರ್ತಿನ ಕೆಳಗೆ ತುರುಕುವವರಿದ್ದಾರೆ. ಆ ವಿನಾಯಿತಿಯು ಪ್ರಯಾಣಿಕನ ಸ್ವಂತ ಸಾಮಾನಿಗೆ, ಮಾರಾಟದ ಸರಕಿಗಲ್ಲ. ನಾಲ್ಕಾರು ಮಾದರಿಗಳು ಕೈಚೀಲದಲ್ಲಿರಲಿ, ಗಂಟು ಪಾರ್ಸೆಲ್ಲಿನಲ್ಲಿ ಹೋಗಲಿ. 50,000 ರೂಪಾಯಿ ಮೀರಿದ ಸರಕನ್ನು ರೈಲಿನಲ್ಲಿ ಕಳುಹಿಸುವಾಗ ಇ-ವೇ ಬಿಲ್ಲಿನ ವಾಹನ ವಿವರದ ಭಾಗವನ್ನು ಗಾಡಿ ಹೊರಟ ನಂತರವೂ ತುಂಬಲು ನಿಯಮದಲ್ಲಿ ಅವಕಾಶವಿದೆ, ಆದರೆ ತಲುಪಿದಲ್ಲಿ ಅದನ್ನು ತೋರಿಸದೆ ರೈಲ್ವೆಯು ಸರಕನ್ನು ಬಿಟ್ಟುಕೊಡುವಂತಿಲ್ಲ. ಒಪ್ಪಿಗೆಯಾದರೆ ಮಾರಾಟ ಎಂಬ ಷರತ್ತಿನ ಮೇಲೆ ಒಯ್ದ ಸೀರೆಗಳಿಗೆ ಡೆಲಿವರಿ ಚಲನ್ ಸಾಕು. ಬಿಲ್ಲನ್ನು ಮಾರಾಟವಾದಾಗ ಅಥವಾ ಆರು ತಿಂಗಳೊಳಗೆ, ಯಾವುದು ಮೊದಲೋ ಆಗ ಮಾಡಬೇಕು.

ಕೊನೆಯದಾಗಿ, ಗಾಡಿ ಇಳಿದ ಮೇಲಿನ ಕಷ್ಟ. ಹೊತ್ತಲ್ಲದ ಹೊತ್ತಿನಲ್ಲಿ ಗದಗಿನಲ್ಲಿಳಿದವನು ರೋಣಕ್ಕೋ ಗಜೇಂದ್ರಗಡಕ್ಕೋ ಮೊದಲ ಬಸ್ಸಿಗಾಗಿ ಬೆಳಗಿನವರೆಗೆ ಬೆಂಚಿನ ಮೇಲೆ ಕುಳಿತಿರಬೇಕು. ಖಾಸಗಿ ಸ್ಲೀಪರ್ ಬಸ್ಸುಗಳು ನಮ್ಮ ಪೇಟೆಗಳಲ್ಲಿ ಗಿರಾಕಿಗಳನ್ನು ಗೆದ್ದುದು ಇದೇ ಕಾರಣಕ್ಕೆ: ಹೊದಿಕೆ, ನೀರಿನ ಬಾಟಲಿ, ಸೀಟಿನ ಬಳಿಯೇ ಚಾರ್ಜರು, ಜೊತೆಗೆ ಊರಿನೊಳಗೇ ಹತ್ತಿಸಿ ಇಳಿಸುವ ಅನುಕೂಲ. ದರ ಹೆಚ್ಚು, ಶೌಚಾಲಯವಿಲ್ಲ; ಆದರೂ ಜನ ಹತ್ತುತ್ತಾರೆ. ನರಗುಂದವು ಹುಬ್ಬಳ್ಳಿ–ಸೊಲ್ಲಾಪುರ ಹೆದ್ದಾರಿಯ ಮೇಲಿರುವುದರಿಂದ ಅಲ್ಲಿಯವರಿಗೆ ಈ ತೊಂದರೆ ಅಷ್ಟಾಗಿ ಇಲ್ಲ. ರೋಣ, ಗಜೇಂದ್ರಗಡದವರದೇ ಹೆಚ್ಚಿನ ಪಾಡು.

ನೈಋತ್ಯ ರೈಲ್ವೆಯ ಕೇಂದ್ರ ಕಚೇರಿ ದೂರದ ಊರಿನಲ್ಲಿಲ್ಲ; 2003ರಿಂದ ಹುಬ್ಬಳ್ಳಿಯಲ್ಲಿಯೇ ಇದೆ. ವಲಯದ ಹಾಗೂ ವಿಭಾಗದ ಬಳಕೆದಾರರ ಸಲಹಾ ಸಮಿತಿಗಳಲ್ಲಿ ವಾಣಿಜ್ಯ ಸಂಸ್ಥೆಗಳಿಗೆ ಪ್ರಾತಿನಿಧ್ಯವೂ ಉಂಟು. ಮುಂದಿನ ಸಭೆಗೆ ಒಯ್ಯುವ ಮನವಿಯಲ್ಲಿ ಹೊಸ ಗಾಡಿಯ ಬೇಡಿಕೆಯ ಕೆಳಗೆ ಈ ಸಣ್ಣ ಬೇಡಿಕೆಗಳನ್ನೂ ಬರೆಯಬಹುದು: ಗದಗ ಮಾರ್ಗದ ಒಂದು ರಾತ್ರಿ ಗಾಡಿಯಲ್ಲಿ ಪ್ರಯೋಗಾರ್ಥವಾಗಿ ಬಿಸಿನೀರಿನ ನಲ್ಲಿ, ಸ್ಲೀಪರ್ ದರ್ಜೆಗೆ ಬಾಡಿಗೆಯ ಹಾಸಿಗೆ, ಕೆಟ್ಟ ಪ್ಲಗ್ಗುಗಳ ದುರಸ್ತಿಗೆ ಡಬ್ಬಿವಾರು ಹೊಣೆಗಾರಿಕೆ, ಗದಗ ನಿಲ್ದಾಣದಲ್ಲಿ ಸ್ನಾನಕ್ಕೆ ಅನುಕೂಲವಿರುವ ಶುಚಿಯಾದ ನಿರೀಕ್ಷಣಾ ಕೊಠಡಿ. ವಾಯವ್ಯ ಸಾರಿಗೆ ಸಂಸ್ಥೆಯವರಿಗೆ ಪ್ರತ್ಯೇಕ ಪತ್ರವೊಂದು ಹೋಗಬೇಕು. ರಾತ್ರಿ ಗಾಡಿಗಳ ವೇಳೆಗೆ ಹೊಂದುವಂತೆ ಗದಗಿನಿಂದ ರೋಣದ ಮೂಲಕ ಗಜೇಂದ್ರಗಡಕ್ಕೆ ಒಂದು ಬಸ್ಸನ್ನು ಮೂರು ತಿಂಗಳ ಮಟ್ಟಿಗೆ ಓಡಿಸಿ ನೋಡಲಿ. ಹತ್ತುವವರ ಲೆಕ್ಕವನ್ನು ಸದಸ್ಯರೇ ಬರೆದಿಟ್ಟುಕೊಂಡು ಒಪ್ಪಿಸಲಿ.