ಅನಾನ್ಸಿಯ ಸೋರೆಬುರುಡೆ

ನಾಲ್ಕೈದು ವರ್ಷದ ಮಕ್ಕಳಿಗೆ ದೂರದೇಶದ ಜನಪದ ಕಥೆ ಹೇಳುವುದಾದರೆ ಘಾನಾದ ಅಕನ್ ಜನರ ಅನಾನ್ಸಿಯಿಂದಲೇ ಶುರುಮಾಡಿ. ಅನಾನ್ಸಿ ಜೇಡ, ಒಮ್ಮೊಮ್ಮೆ ಮನುಷ್ಯನೂ ಹೌದು. ಲೋಕದ ಕಥೆಗಳೆಲ್ಲ ಆಕಾಶದೇವರು ನ್ಯಾಮೆಯ ಬಳಿ ಇದ್ದವಂತೆ. ಅವನ್ನು ಕೊಳ್ಳಬೇಕಾದರೆ ಹೆಬ್ಬಾವು, ಚಿರತೆ, ಕಣಜಗಳ ಹಿಂಡು ಎಲ್ಲವನ್ನೂ ಹಿಡಿದು ತರಬೇಕು. ಕಣಜ ಹಿಡಿಯುವ ಉಪಾಯವಂತೂ ಮಕ್ಕಳಿಗೆಂದೇ ಹೇಳಿ ಮಾಡಿಸಿದಂತಿದೆ. ಅನಾನ್ಸಿ ಗೂಡಿನ ಮೇಲೂ ತನ್ನ ಮೇಲೂ ನೀರು ಸುರಿದು, ತಲೆಗೆ ಬಾಳೆಲೆ ಹಿಡಿದು, ಅಯ್ಯೋ ಮಳೆ ಬಂತು, ನೆನೆಯಬೇಡಿ, ನನ್ನ ಸೋರೆಬುರುಡೆಯೊಳಗೆ ಬನ್ನಿ ಎಂದು ಕರೆಯುತ್ತಾನೆ. ಎಲ್ಲವೂ ಒಳಹೊಕ್ಕ ಕೂಡಲೇ ಬುರುಡೆಯ ಬಾಯಿ ಬಿಗಿಯುತ್ತಾನೆ. ಇಲ್ಲಿ ಕಥೆ ನಿಲ್ಲಿಸಿ, ಮುಷ್ಟಿ ಕಟ್ಟಿ 'ಗುಂಯ್' ಎನ್ನಿ. ಮಗು ತಾನಾಗಿ ಕಿವಿ ತಂದು ಮುಷ್ಟಿಗೆ ಇಡುತ್ತದೆ. ಹೆಸರು ಕಷ್ಟವೆಂದು ಕೆಲವರು ಅನಾನ್ಸಿಯನ್ನು ನರಿಯಾಗಿಸುತ್ತಾರೆ. ದಯವಿಟ್ಟು ಬೇಡ. ಡೈನೋಸಾರ್‌ಗಳ ಉದ್ದುದ್ದ ಹೆಸರನ್ನು ಸಲೀಸಾಗಿ ಒಪ್ಪಿಸುವ ಮಕ್ಕಳಿಗೆ ನ್ಯಾಮೆ ಯಾವ ಲೆಕ್ಕ? ಅನಾನ್ಸಿ ಎಂಬ ಹೆಸರನ್ನು ಉಳಿಸಿಕೊಂಡ ಅಕನ್ ಜನರ ಪಾಡನ್ನೂ ನೆನೆಯಬೇಕು. ಗುಲಾಮರನ್ನಾಗಿಸಿ ಹಡಗಿನಲ್ಲಿ ತುಂಬಿ ಜಮೈಕಾಕ್ಕೆ ಒಯ್ದಾಗಲೂ ಅವರು ಅನಾನ್ಸಿಯನ್ನು ಬಿಡಲಿಲ್ಲ. ಕಬ್ಬಿನ ತೋಟಗಳಲ್ಲಿ ಮೈಮುರಿದು ದುಡಿಯುತ್ತಲೇ ಮಕ್ಕಳಿಗೆ ದಾಟಿಸಿದರು. ಐದರ ಮಗುವಿಗೆ ಇಷ್ಟೆಲ್ಲ ಬೇಕಿಲ್ಲ, ಗ್ಲೋಬಿನಲ್ಲಿ ಘಾನಾ ತೋರಿಸಿದರೆ ಸಾಕು. ಎಂಟು-ಒಂಬತ್ತಕ್ಕೆ ಬಂದಾಗ ಮುಚ್ಚಿಡದೆ ಹೇಳಿ. ಚಿತ್ರ ಬೇಕೆಂದರೆ ಗೇಲ್ ಹೇಲಿಯವರು 1970ರಲ್ಲಿ ತಂದ ಚಿತ್ರಪುಸ್ತಕವಿದೆ. ಮರುವರ್ಷ ಅದಕ್ಕೆ ಅಮೆರಿಕದ ಕಾಲ್ಡಿಕಾಟ್ ಪದಕ ಬಂತು. ಆದರೂ ಮೊದಲ ಸಲ ಪುಸ್ತಕ ಬದಿಗಿಟ್ಟು ಬಾಯಲ್ಲೇ ಹೇಳಿ.