ಬೆಟ್ಟದ ಪರವೋ, ಬೆಟ್ಟ ಅಗೆಯುವವರ ಪರವೋ?

ಅಮೆರಿಕದ ಪಶ್ಚಿಮ ವರ್ಜೀನಿಯಾ ಬೆಟ್ಟಗಳ ರಾಜ್ಯ. ಅಪಲೇಚಿಯನ್ ಬೆಟ್ಟಸಾಲಿನ ಮಡಿಲಲ್ಲಿರುವ ಅದರ ಜನಸಂಖ್ಯೆ 20 ಲಕ್ಷವನ್ನೂ ಮುಟ್ಟುವುದಿಲ್ಲ. ಆದರೆ ಆ ದೇಶದ ಮೇಲ್ಮನೆಯಾದ ಸೆನೆಟ್‌ನಲ್ಲಿ ರಾಜ್ಯ ಹಿರಿದಿರಲಿ ಕಿರಿದಿರಲಿ, ತಲಾ ಎರಡು ಸ್ಥಾನ. ಹೀಗಾಗಿ ಗುಡ್ಡಗಾಡಿನ ಸಣ್ಣ ರಾಜ್ಯದ ಒಬ್ಬ ಸೆನೆಟರ್ ಇಡೀ ರಾಷ್ಟ್ರದ ನೀತಿಯನ್ನು ಹಿಡಿದು ನಿಲ್ಲಿಸಬಲ್ಲ. 1959ರಿಂದ 2010ರಲ್ಲಿ ಸಾಯುವವರೆಗೆ ಐವತ್ತೊಂದು ವರ್ಷ ಆ ಸ್ಥಾನದಲ್ಲಿದ್ದ ರಾಬರ್ಟ್ ಬರ್ಡ್ ಈ ಬಲವನ್ನು ಚೆನ್ನಾಗಿ ಬಲ್ಲವರಾಗಿದ್ದರು.

ಕಲ್ಲಿದ್ದಲು ಗಣಿಯ ಕೂಲಿ ಕೇರಿಯಲ್ಲಿ, ಬಡತನದಲ್ಲಿ ಬೆಳೆದವರು ಬರ್ಡ್. ಯೌವನದಲ್ಲಿ ವರ್ಣದ್ವೇಷಿ ಕು ಕ್ಲಕ್ಸ್ ಕ್ಲಾನ್ ಸೇರಿದ್ದೂ 1964ರ ನಾಗರಿಕ ಹಕ್ಕುಗಳ ಮಸೂದೆಯನ್ನು ವಿರೋಧಿಸಿ ಹದಿನಾಲ್ಕು ಗಂಟೆ ಮಾತನಾಡಿದ್ದೂ ಅವರ ಚರಿತ್ರೆಯ ಕಪ್ಪು ಪುಟಗಳು; ಅದಕ್ಕಾಗಿ ಅವರು ಮುಂದೆ ಪಶ್ಚಾತ್ತಾಪಪಟ್ಟರು. ಸೆನೆಟ್‌ನ ಹಣಕಾಸು ಹಂಚಿಕೆ ಸಮಿತಿಯ ಅಧ್ಯಕ್ಷರಾದಾಗ ತವರಿಗೆ ಹೆದ್ದಾರಿ, ಕೇಂದ್ರ ಕಚೇರಿ, ಸಂಶೋಧನಾಲಯಗಳನ್ನು ಹೊತ್ತು ತಂದರು. ರಾಜ್ಯದ ಉದ್ದಗಲಕ್ಕೂ ರಸ್ತೆ, ಸೇತುವೆ, ಕಟ್ಟಡಗಳ ಮೇಲೆ ಅವರ ಹೆಸರಿದೆ. ಗ್ರೀನ್ ಬ್ಯಾಂಕಿನ ಬೃಹತ್ ರೇಡಿಯೋ ದೂರದರ್ಶಕವೂ ಅವರ ಹೆಸರನ್ನೇ ಹೊತ್ತಿದೆ. ಬಡ ಬೆಟ್ಟದ ಜನಕ್ಕೆ ಇವೆಲ್ಲ ಬೇಕಿದ್ದವು ಎಂಬುದನ್ನು ಅಲ್ಲಗಳೆಯುವಂತಿಲ್ಲ.

ಆದರೆ ತವರಿನ ಹಿತವೆಂದರೆ ಕಲ್ಲಿದ್ದಲಿನ ಹಿತ ಎಂದೇ ಅವರು ದಶಕಗಳ ಕಾಲ ನಂಬಿದ್ದರು. ಆ ನಂಬಿಕೆಯ ಬೆಲೆಯನ್ನು ತೆತ್ತದ್ದು ಬೆಟ್ಟ. ಶಿಖರ ಗಣಿಗಾರಿಕೆಯಲ್ಲಿ ಮೊದಲು ಕಾಡು ಕಡಿಯುತ್ತಾರೆ, ನಂತರ ಸಿಡಿಮದ್ದಿನಿಂದ ನೆತ್ತಿಯನ್ನೇ ಹಾರಿಸುತ್ತಾರೆ, ಆ ಕಲ್ಲುಮಣ್ಣನ್ನು ಪಕ್ಕದ ಕಣಿವೆಗೆ ಸುರಿಯುತ್ತಾರೆ. ಕಣಿವೆಯಲ್ಲಿ ಹರಿಯುವ ಹಳ್ಳ ಅದರಡಿ ಹೂತುಹೋಗುತ್ತದೆ. 1985ರಿಂದ 2001ರವರೆಗೆ ಹೀಗೆ ಹೂತ ತೊರೆಗಳ ಒಟ್ಟು ಉದ್ದ 724 ಮೈಲಿ ಎಂದು ಅಮೆರಿಕ ಸರ್ಕಾರದ ಪರಿಸರ ಸಂಸ್ಥೆಯೇ ಲೆಕ್ಕ ಕೊಟ್ಟಿದೆ. ಅಂದರೆ 1,100 ಕಿಲೋಮೀಟರಿಗೂ ಹೆಚ್ಚು. ಹೂತ ರಾಶಿಯ ಮೂಲಕ ಇಳಿದ ನೀರು ಲವಣಗಳನ್ನೂ ಸೆಲೆನಿಯಂ ಧಾತುವನ್ನೂ ಕರಗಿಸಿಕೊಂಡು ಕೆಳಗಿನ ಹೊಳೆ ಸೇರುತ್ತದೆ. ಹೊಳೆಯ ತಳದ ಕಲ್ಲುಗಳಿಗೆ ಅಂಟಿ ಬದುಕುವ ಹುಳುಗಳು ಮೊದಲು ಕಾಣೆಯಾಗುತ್ತವೆ, ಅವನ್ನು ತಿನ್ನುವ ಮೀನಿಗೆ ಆಮೇಲೆ ಸರದಿ. ಲಕ್ಯಾ ಅಣೆಕಟ್ಟೆಯ ಹಿಂದೆ ನಿಂತ ಕುದುರೆಮುಖದ ಹೂಳನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

1977ರ ಗಣಿ ಕಾಯಿದೆಯ ಪ್ರಕಾರ ಅಗೆದ ಬೆಟ್ಟಕ್ಕೆ ಹೆಚ್ಚುಕಡಿಮೆ ಹಳೆಯ ಆಕಾರವನ್ನೇ ಮರಳಿ ಕೊಡಬೇಕು. ಆದರೆ ಆ ನೆಲವನ್ನು ಮುಂದೆ ಕೃಷಿ, ಕೈಗಾರಿಕೆ ಮೊದಲಾದ ಉಪಯೋಗಕ್ಕೆ ತರುವುದಾದರೆ ಶಿಖರ ಗಣಿಗೆ ವಿನಾಯಿತಿಯುಂಟು. ಕಾಗದದ ಮೇಲೆ ಇದು ಸೊಗಸಾಗಿಯೇ ಕಾಣುತ್ತದೆ! ಭಾರೀ ಯಂತ್ರಗಳು ಓಡಾಡಿ ಒತ್ತಿದ ಕಲ್ಲುಪುಡಿಯೊಳಕ್ಕೆ ಮಳೆನೀರು ಇಂಗುವುದಿಲ್ಲ, ಬೇರೂ ಇಳಿಯುವುದಿಲ್ಲ. ಹುಲ್ಲಿನ ಬೀಜ ಎರಚಿದರೆ ಹಸಿರೇನೋ ಕಾಣುತ್ತದೆ. ಓಕ್ ಮರಗಳ ಕಾಡು ಶತಮಾನಗಳಲ್ಲಿ ಕಟ್ಟಿದ ಮೇಲ್ಮಣ್ಣನ್ನು ಯಾವ ಕಾಯಿದೆಯೂ ಮರಳಿ ಕೊಡಲಾರದು.

1999ರ ಅಕ್ಟೋಬರಿನಲ್ಲಿ ನ್ಯಾಯಾಧೀಶ ಚಾರ್ಲ್ಸ್ ಹೇಡನ್ ಅವರು ಹರಿಯುವ ತೊರೆಗಳ ಮೇಲೆ ಗಣಿಮಣ್ಣು ಸುರಿಯುವುದು ಕಾನೂನಿಗೆ ವಿರುದ್ಧವೆಂದು ತೀರ್ಪಿತ್ತರು. ಆ ತೀರ್ಪನ್ನು ನಿಷ್ಫಲಗೊಳಿಸುವ ತಿದ್ದುಪಡಿಯನ್ನು ಖರ್ಚುವೆಚ್ಚದ ಮಸೂದೆಗೆ ಜೋಡಿಸಲು ಹೆಣಗಿದವರು ಬರ್ಡ್. ಅದು ಕಾನೂನಾಗಲಿಲ್ಲ, ಆದರೆ 2001ರಲ್ಲಿ ಮೇಲ್ಮನವಿ ನ್ಯಾಯಾಲಯ ತೀರ್ಪನ್ನೇ ರದ್ದುಗೊಳಿಸಿತು. ಇದಕ್ಕೂ ಮೊದಲು, 1997ರ ಜುಲೈನಲ್ಲಿ ಅವರೂ ಚಕ್ ಹೇಗಲ್ ಅವರೂ ಮಂಡಿಸಿದ ನಿರ್ಣಯ 95–0 ಮತಗಳಿಂದ ಅಂಗೀಕಾರವಾಗಿತ್ತು. ಭಾರತ, ಚೀನಾದಂತಹ ದೇಶಗಳಿಗೂ ಅದೇ ಅವಧಿಯಲ್ಲಿ ಮಿತಿ ವಿಧಿಸದ, ಇಲ್ಲವೇ ಅಮೆರಿಕದ ಆರ್ಥಿಕತೆಗೆ ಗಂಭೀರ ಹಾನಿ ತರುವ ಹವಾಮಾನ ಒಪ್ಪಂದಕ್ಕೆ ಅಮೆರಿಕ ಸಹಿ ಹಾಕಬಾರದೆಂಬುದು ಅದರ ತಿರುಳು. ಕ್ಯೋಟೋ ಒಪ್ಪಂದಕ್ಕೆ ಅಮೆರಿಕ 1998ರಲ್ಲಿ ಸಹಿ ಹಾಕಿದರೂ ಅದು ಸೆನೆಟ್‌ನ ಮುಂದೆ ಬರಲೇ ಇಲ್ಲ. ಒಂದು ಬೆಟ್ಟಸಾಲಿನ ಗಣಿಯ ಹಿತ ಹೀಗೆ ಜಗತ್ತಿನ ಮಳೆಬೆಳೆಗೂ ತಟ್ಟಿತು.

ಇಷ್ಟೆಲ್ಲ ಆದಮೇಲೆ, 2009ರ ಡಿಸೆಂಬರಿನಲ್ಲಿ, 92 ವರ್ಷದ ಮುದುಕ ಬರ್ಡ್ ತಮ್ಮ ಜನಕ್ಕೆ ಬಹಿರಂಗವಾಗಿ ಬರೆದರು: ಬದಲಾವಣೆ ಬಂದೇ ಬರುತ್ತದೆ, ಅದನ್ನು ಮುಂಗಂಡು ಹೊಂದಿಕೊಳ್ಳಬೇಕು, ಹವಾಮಾನ ವಿಜ್ಞಾನವನ್ನು ನಿರಾಕರಿಸುವುದು ತಲೆಯನ್ನು ಮರಳಿನಲ್ಲಿ ಹೂತಂತೆ, ಭಯ ಬಿತ್ತುವುದರಿಂದ ಗಣಿ ಕಾರ್ಮಿಕನಿಗೆ ಪ್ರಯೋಜನವಿಲ್ಲ. ಉದ್ಯೋಗ ಕಳೆದದ್ದು ಪರಿಸರವಾದಿಗಳಿಂದಲ್ಲ, ಯಂತ್ರಗಳಿಂದ ಎಂಬ ಸತ್ಯವೂ ಆ ಬರಹದಲ್ಲಿತ್ತು. 1970ರ ದಶಕದ ಕೊನೆಗೆ 60 ಸಾವಿರಕ್ಕೂ ಮೀರಿದ್ದ ಗಣಿ ಕಾರ್ಮಿಕರ ಸಂಖ್ಯೆ ಆಗ ಸುಮಾರು 20 ಸಾವಿರಕ್ಕಿಳಿದಿತ್ತು; ಕಲ್ಲಿದ್ದಲು ಮಾತ್ರ ಕಡಿಮೆ ತೆಗೆದಿರಲಿಲ್ಲ. ನೆತ್ತಿ ಹಾರಿಸುವ ಗಣಿಗೆ ಕೈಗಳು ಬೇಕಿಲ್ಲ.

ಮರುವರ್ಷ ಏಪ್ರಿಲ್ 5ರಂದು ಅಪ್ಪರ್ ಬಿಗ್ ಬ್ರ್ಯಾಂಚ್ ಗಣಿಯ ಸ್ಫೋಟದಲ್ಲಿ 29 ಕಾರ್ಮಿಕರು ಮಡಿದರು. ಹಸಿರುಮನೆ ಅನಿಲಗಳನ್ನು ನಿಯಂತ್ರಿಸುವ ಪರಿಸರ ಸಂಸ್ಥೆಯ ಅಧಿಕಾರವನ್ನು ಕಸಿಯುವ ನಿರ್ಣಯ ಜೂನ್ 10ರಂದು ಸೆನೆಟ್‌ಗೆ ಬಂದಾಗ ಬರ್ಡ್ ಅದರ ವಿರುದ್ಧ ಮತ ಹಾಕಿದರು. ಅದೇ ರಾಜ್ಯದ ಇನ್ನೊಬ್ಬ ಸೆನೆಟರ್ ಪರವಾಗಿ ಹಾಕಿದರು. ನಿರ್ಣಯ 47–53ರಿಂದ ಸೋತಿತು. ಜೂನ್ 28ರಂದು ಬರ್ಡ್ ತೀರಿಕೊಂಡರು.

ಈ ಕೊನೆಯ ಮಾತಿಗೆ ಧೈರ್ಯ ಬೇಕಿತ್ತು, ನಿಜ. ಆದರೆ ಮುಂದಿನ ಚುನಾವಣೆಯ ಹಂಗಿಲ್ಲದ ವಯಸ್ಸಿನಲ್ಲಿ ಬಂದ ಮಾತದು. ಹತ್ತು ವರ್ಷ ಮೊದಲು, ಹೇಡನ್ ತೀರ್ಪಿನ ದಿನಗಳಲ್ಲಿ ಬಂದಿದ್ದರೆ ಎಷ್ಟೋ ಹಳ್ಳಗಳು ಇಂದಿಗೂ ಹರಿಯುತ್ತಿದ್ದವು. ತಡವಾಗಿ ಬಂದ ಮಾತಿಗೆ ವಾರಸುದಾರರೂ ಸಿಗಲಿಲ್ಲ. ಆ ಸ್ಥಾನಕ್ಕೆ 2010ರಲ್ಲಿ ಸ್ಪರ್ಧಿಸಿದ ಜೋ ಮಾಂಚಿನ್ ಹವಾಮಾನ ಮಸೂದೆಯ ಪ್ರತಿಗೆ ಬಂದೂಕಿನಿಂದ ಗುಂಡು ಹೊಡೆಯುವ ಜಾಹೀರಾತು ಮಾಡಿಸಿ ಗೆದ್ದರು. 2025ರ ಜನವರಿಯಲ್ಲಿ ಅವರ ನಂತರ ಅಲ್ಲಿ ಕುಳಿತ ಜಿಮ್ ಜಸ್ಟಿಸ್ ಅವರದು ಕಲ್ಲಿದ್ದಲು ಗಣಿಗಳ ಒಡೆತನದ ಕುಟುಂಬ.